ಎತ್ತಬೇಡಿ

ಜೂನ್ 9, ಸೋಮವಾರ

ಇವತ್ತೂ ಎತ್ತಿಸಿಕೊಂಡೇ ಒಳಗೆ ಹೋದೆ. ಶ್ರೀನಗರದಿಂದ ಜೆ.ಪಿ. ನಗರದ ಆಫೀಸಿನವರೆಗೆ ನಾನೇ ರಾಣಿ — ಪಕ್ಕಕ್ಕೆ ಎರಡು ಚಕ್ರ ಹಾಕಿಸಿದ ನನ್ನ ಸ್ಕೂಟರು, ನನ್ನ ಹಾರ್ನು. ಅಲ್ಲಿ ಇಳಿದು ವೀಲ್‌ಚೇರಿನಲ್ಲಿ ಕೂತ ಮೇಲೆ ಶುರು. ಹಿಂದಿನ ಗೇಟು, ನಾಲ್ಕು ಮೆಟ್ಟಿಲು. ಎಡಗಡೆ ಹೌಸ್‌ಕೀಪಿಂಗ್‌ನ ಮಾರಯ್ಯ ಅಂಕಲ್, ಬಲಗಡೆ ಸೆಕ್ಯುರಿಟಿ ಭೀಮೇಶ್. "ಒನ್, ಟೂ, ತ್ರೀ..." ಪಲ್ಲಕ್ಕಿ ಉತ್ಸವ! ದೇವರಿಗಾದರೆ ಹಾರ, ಮಂಗಳಾರತಿ. ನನಗೆ ಜಾರಿದ ದುಪಟ್ಟಾ.

ಮುಂದಿನ ಬಾಗಿಲಿಗೆ ಒಳ್ಳೆಯ ರ‍್ಯಾಂಪ್ ಇದೆ. ಸ್ಟೀಲ್ ಕಂಬಿ, ವೀಲ್‌ಚೇರ್ ಚಿತ್ರದ ಬೋರ್ಡು, ಎಲ್ಲ. ಆದರೆ ಅದು ಕಂಪನಿಯವರಿಗೆ ಮತ್ತು ವಿಸಿಟರ್‌ಗಳಿಗೆ. ನೀಲಿ ಕಾರ್ಡಿಗೆ ತೆರೆಯುತ್ತದೆ. ನಾವು ಏಜೆನ್ಸಿ ಕಳಿಸಿದ ಗುತ್ತಿಗೆಯವರು — ಹಳದಿ ಕಾರ್ಡು, ಹಿಂದಿನ ಗೇಟು. ಅವರೂ ನಾವೂ ನೋಡುವ ಇನ್ಶೂರೆನ್ಸ್ ಪೇಪರ್ ಒಂದೇ, ಕೂರುವ ಸಾಲೂ ಒಂದೇ.

ಒಳಗೆ ಹೋದರೆ ಸಂಜೆಯವರೆಗೆ ಹೊರಗಿಲ್ಲ. ಎಲ್ಲರೂ ಟೀಗೆ ಹೊರಟಾಗ "ನಂಗ್ ಬೇಡ" ಅನ್ನುತ್ತೇನೆ. ಸುಳ್ಳು. ಇನ್ನೊಂದು ಸಲ ಎತ್ತಿಸಿಕೊಳ್ಳಲು ಮನಸ್ಸಿಲ್ಲ, ಅಷ್ಟೇ.

ಜೂನ್ 11, ಬುಧವಾರ

ಮಾರಯ್ಯ ರಜೆ. ಬದಲಿಗೆ ಬಂದವನು ಕುರ್ಚಿ ಹಿಡಿಯಲಿಲ್ಲ, ನನ್ನ ಕಂಕುಳಿಗೇ ಕೈ ಹಾಕಿದ. ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೂ ಮೈ ಉರಿದುಹೋಯಿತು. ಇನ್ನು ಕೇಳಿಯೇ ಬಿಡೋಣ ಅಂತ ಕೇಳಿದೆ.

ಏಜೆನ್ಸಿ ಸೂಪರ್‌ವೈಸರ್ ಕೈಲಾಸ್: "ಬಿಲ್ಡಿಂಗ್ ಕಂಪನಿದು ಸುಧಾಮಣಿ ಮೇಡಂ. ಎತ್ತೋಕೆ ಇಬ್ರನ್ನ ಕೊಟ್ಟಿದೀವಲ್ಲ, ಇನ್ನೇನ್ ಬೇಕು?"

ಕಂಪನಿಯ ಅಡ್ಮಿನ್ ಸಂಗೀತಾ ಮೇಡಂ: "ನಿಮ್ ಕಷ್ಟ ಅರ್ಥ ಆಗುತ್ತೆ ರೀ. ಆದ್ರೆ ನೀವು ನಮ್ ಎಂಪ್ಲಾಯಿ ಅಲ್ವಲ್ಲ. ಏಜೆನ್ಸಿನೇ ಕೇಳ್ಬೇಕು."

ಸರಿ. ಇಬ್ಬರಿಗೂ ಒಂದೇ ಮೇಲ್ ಹಾಕಿದೆ. ಕಂಪನಿಯ ಹೆಡ್ ಆಫೀಸನ್ನೂ ಸೇರಿಸಿದೆ. ಕೆಲಸದ ಜಾಗದಲ್ಲಿ ನಮ್ಮಂಥವರಿಗೆ ಅನುಕೂಲ ಮಾಡಿಕೊಡಬೇಕು ಅಂತ ಕಾನೂನೇ ಇದೆ. ಕೇಳುತ್ತಿರುವುದೂ ಒಂದು ಬಾಗಿಲನ್ನು, ಬಂಗಲೆಯನ್ನಲ್ಲ.

ಅಮ್ಮ: "ಎತ್ಕೊಂಡ್ರೆ ಏನಾಯ್ತೇ? ನಾನು ಎತ್ತಿ ಬೆಳೆಸ್ಲಿಲ್ವಾ?"

"ನೀನು ಅಮ್ಮ" ಅಂದೆ.

ಜೂನ್ 16, ಸೋಮವಾರ, ಬೆಳಿಗ್ಗೆ 9:50

ಮುಂದಿನ ಬಾಗಿಲ ಎದುರು ಕೂತು ಬರೆಯುತ್ತಿದ್ದೇನೆ. ಮೇಲ್‌ಗೆ ಉತ್ತರ ಇಲ್ಲ. ಮಾರಯ್ಯ ಅಂಕಲ್ ಕುರ್ಚಿಗೆ ಕೈ ಹಾಕುವಷ್ಟರಲ್ಲಿ "ಎತ್ತಬೇಡಿ" ಅಂದೆ. ಗಾಬರಿಯಾದರು. ಸುತ್ತಿ ಬಂದು ರ‍್ಯಾಂಪ್ ಹತ್ತಿದೆ, ನನ್ನದೇ ಕೈಯಲ್ಲಿ. ಹಳದಿ ಕಾರ್ಡು ತೋರಿಸಿದೆ. ಕೆಂಪು ದೀಪ. ಮತ್ತೆ ತೋರಿಸಿದೆ. ಕೆಂಪು.

ಭೀಮೇಶ್ ಓಡಿ ಬಂದ. "ಅಕ್ಕ, ನಾನ್ ತೆಗುದ್ರೆ ನನ್ ಕೆಲ್ಸ ಹೋಗುತ್ತೆ."

"ನೀನ್ ತೆಗೀಬೇಡ ಕಣೋ. ಸುಧಾಮಣಿ ಡ್ಯೂಟಿಗೆ ಬಂದು ಇಲ್ಲೇ ಕೂತಿದಾರೆ ಅಂತ ಒಳಗಡೆ ಹೇಳು."

ಈ ಕೆಲಸ ಹೋದರೆ ಇನ್ನೊಂದು ಸಿಗುವುದು ಸುಲಭವಲ್ಲ. ಆದರೂ ಬೆನ್ನು ನೆಟ್ಟಗೇ ಇದೆ. ನೀಲಿ ಕಾರ್ಡಿನವರು ಪಕ್ಕದಿಂದ ಹಾದು ಹೋಗುತ್ತಿದ್ದಾರೆ. ಕೆಲವರು ಗುಡ್ ಮಾರ್ನಿಂಗ್ ಅನ್ನುತ್ತಾರೆ. ಕೆಲವರಿಗೆ ಇದ್ದಕ್ಕಿದ್ದಂತೆ ಫೋನ್ ಬರುತ್ತದೆ.

ಜೂನ್ 17, ಮಂಗಳವಾರ

ನಿನ್ನೆ ಸಂಗೀತಾ ಮೇಡಂ ಉಪಾಯ ಹುಡುಕಿಕೊಂಡೇ ಬಂದರು. ಮುಂದಿನ ಬಾಗಿಲು ವಿಸಿಟರ್‌ಗಳಿಗೆ ತೆರೆಯುತ್ತದೆ. ಹಾಗಾದರೆ ದಿನಾ ನಾನೂ ವಿಸಿಟರ್! ಎದೆಗೊಂದು ಸ್ಟಿಕ್ಕರ್. "ಯಾರನ್ನ ನೋಡ್ಬೇಕು ಮೇಡಂ?" ಅಂತ ರಿಸೆಪ್ಷನ್ ಹುಡುಗಿ ಕೇಳಿದಳು. "ನನ್ ಕಂಪ್ಯೂಟರ್‌ನ" ಅಂದೆ. ಇಬ್ಬರೂ ನಕ್ಕೆವು. ಸಂಜೆಯವರೆಗೆ ದುಡಿದೆ.

ಇವತ್ತು ಕೈಲಾಸ್ ಫೋನು. ನಿನ್ನೆ ನಾನು ಆಬ್ಸೆಂಟ್ ಅಂತೆ! ಹಳದಿ ಕಾರ್ಡು ಬಿದ್ದಿಲ್ಲ, ಸಿಸ್ಟಮ್ ಪ್ರಕಾರ ಬಂದೇ ಇಲ್ಲ. "ನಿನ್ನೆ ನೀವು ವಿಸಿಟರ್ ಅಲ್ವಾ ಮೇಡಂ?" ನಗಬೇಕೋ ಅಳಬೇಕೋ... ಎಂಟು ತಿಂಗಳಿಂದ ದುಡಿಯುವ ಜಾಗಕ್ಕೆ ನಾನು ನೆಂಟಳು. ಇವತ್ತಿನ ಸ್ಟಿಕ್ಕರ್ ಕಿತ್ತು ರಿಸೆಪ್ಷನ್ ಮೇಜಿನ ಮೇಲಿಟ್ಟೆ. "ನಾಳೆಯಿಂದ ಇದು ಬೇಡಮ್ಮ. ನಾನಿಲ್ಲಿ ಕೆಲ್ಸಕ್ಕೆ ಬರೋದು."

ಜೂನ್ 18, ಬುಧವಾರ

ಮತ್ತೆ ರ‍್ಯಾಂಪು, ಮತ್ತೆ ಕೆಂಪು ದೀಪ. ಕೈಲಾಸ್ ಖುದ್ದಾಗಿ ಬಂದ. ಮಾರಯ್ಯನನ್ನೂ ಭೀಮೇಶನನ್ನೂ ಕರೆದು, "ಹಿಂದ್ಗಡೆಯಿಂದ ಎತ್ಕೊಂಡ್ ಹೋಗ್ರೋ. ಕ್ಲೈಂಟ್ ಮುಂದೆ ಡ್ರಾಮಾ ಬೇಡ" ಅಂದ. ನನ್ನನ್ನು ಕೇಳಲಿಲ್ಲ. ಅಕ್ಕಿ ಮೂಟೆಯನ್ನು ಯಾರು ಕೇಳುತ್ತಾರೆ? ಚಕ್ರ ಗಟ್ಟಿಯಾಗಿ ಹಿಡಿದು ಕೂತೆ.

ಮಾರಯ್ಯ ಅಂಕಲ್ ಕೈ ಕಟ್ಟಿಕೊಂಡರು. "ಆಯಮ್ಮ ಬ್ಯಾಡ ಅಂದೈತೆ ಸಾರ್. ಬ್ಯಾಡ ಅಂದ್ಮ್ಯಾಕೆ ನಾನ್ ಮುಟ್ಟಾಕಿಲ್ಲ."

"ಇವರ್ ಜೊತೆ ನಿನ್ ಕೆಲ್ಸಾನೂ ಹೋಗುತ್ತೆ, ನೋಡು."

"ಆಯಮ್ಮಂದೂ ಹೋಯ್ತದೆ ಅಂತೀರಲ್ಲ. ಒಟ್ಗೇ ಹೋಯ್ತೀವಿ ಬುಡಿ."

ಭೀಮೇಶನೂ ಕೈ ಹಿಂದೆ ಕಟ್ಟಿ ನಿಂತ. ನನಗೆ ಕಣ್ಣು ತುಂಬಿ ಬಂತು. ಎಂಟು ತಿಂಗಳು ಎತ್ತಿದವರ ಮೇಲೆ ಇಷ್ಟು ಅಭಿಮಾನ ಹುಟ್ಟಿದ್ದು ಅವರು ಎತ್ತದೆ ನಿಂತಾಗ! ಕೈಲಾಸ್ ಮೂವರಿಗೂ ಮನೆಗೆ ಹೋಗಿ, ನಾಳೆಯಿಂದ ಬರಬೇಡಿ ಅಂದ. ಹೋದೆವು.

ಜುಲೈ 3, ಗುರುವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಅಮ್ಮನ ಜೊತೆ ಕೂತು ಬೀನ್ಸ್ ನಾರು ತೆಗೆದದ್ದೇ ಕೆಲಸ. ಮಾರಯ್ಯ ಅಂಕಲ್ ಪದ್ಮನಾಭನಗರದ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಿದ್ದಾರಂತೆ. ಭೀಮೇಶ್ ಬೇಗೂರಿನ ಮನೆಯಲ್ಲಿ ಸುಮ್ಮನೆ ಕೂತಿದ್ದಾನಂತೆ. ಕೇಳಿದಾಗಿನಿಂದ ಅನ್ನ ಸೇರುತ್ತಿಲ್ಲ.

ಇವತ್ತು ಸಂಗೀತಾ ಮೇಡಂ ಫೋನ್ ಮಾಡಿದರು. ಹೆಡ್ ಆಫೀಸು ನನ್ನ ಮೇಲ್ ಓದಿದೆ! ಏಜೆನ್ಸಿಯವಳಾದರೂ ಕೆಲಸ ಮಾಡುವುದು ಇಲ್ಲಿ, ಬಾಗಿಲೂ ಇಲ್ಲಿಯದು, ಕಂಪನಿಯೇ ತೆರೆಯಬೇಕು ಅಂದಿದ್ದಾರೆ. ನನ್ನ ಹಳದಿ ಕಾರ್ಡಿಗೇ ಮುಂದಿನ ಬಾಗಿಲು ತೆರೆಯುತ್ತದೆ, ಹಾಜರಿಯೂ ಅಲ್ಲೇ ಬೀಳುತ್ತದೆ.

"ಸ್ಪೆಷಲ್ ಕೇಸ್ ಅಂತ ಮಾಡ್ಸಿದೀವಿ ರೀ. ಸೋಮವಾರದಿಂದ ಬನ್ನಿ."

"ಮಾರಯ್ಯ, ಭೀಮೇಶ್?"

"ಅದು ಏಜೆನ್ಸಿ ವಿಷ್ಯ ರೀ."

"ಅವರಿಬ್ರು ಬಂದ್ರೆ ನಾನೂ ಬರ್ತೀನಿ ಮೇಡಂ."

ಫೋನ್ ಇಟ್ಟೆ. ಕೈಗೆ ಬಂದದ್ದನ್ನು ನಾನೇ ಚೆಲ್ಲಿಕೊಂಡೆನೇನೋ. "ಸರಿಯಾಗ್ ಹೇಳ್ದೆ ಕಣೇ" ಅಂದಳು ಅಮ್ಮ.

ಜುಲೈ 7, ಸೋಮವಾರ, ಬೆಳಿಗ್ಗೆ 9:20

ಒಳಗಿದ್ದೇನೆ. ನನ್ನ ಸೀಟಿನಲ್ಲಿ. ಶನಿವಾರ ಸಂಗೀತಾ ಮೇಡಂ ಮತ್ತೆ ಫೋನ್ ಮಾಡಿ, ಅವರಿಬ್ಬರನ್ನೂ ವಾಪಸ್ ಕರೆಸಿದ್ದೇವೆ ಅಂದಿದ್ದರು.

ಭೀಮೇಶ್ ಸ್ಕೂಟರಿನ ಹತ್ತಿರ ಕುರ್ಚಿ ತಂದಿಟ್ಟ. ಮಾರಯ್ಯ ಅಂಕಲ್ ರ‍್ಯಾಂಪ್ ಗುಡಿಸುತ್ತಿದ್ದರು. "ಬರ್ರಮ್ಮ" ಅಂತ ಪಕ್ಕಕ್ಕೆ ಸರಿದರು, ಕೈ ಚಾಚಲಿಲ್ಲ. ಹಳದಿ ಕಾರ್ಡು ತೋರಿಸಿದೆ. ಹಸಿರು! ಬಾಗಿಲು ತಾನಾಗಿ ಸರಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ಸಿಟ್ಟೇ ಬರುತ್ತಿತ್ತು. ಒಂದು ಬಾಗಿಲಿಂದ ಇಷ್ಟು ಹೆಮ್ಮೆಯಾಗುತ್ತದೆ ಅಂತ ಗೊತ್ತಿರಲಿಲ್ಲ.

ಒಳಗೆ ಹೋದವಳು ತಿರುಗಿ ಹೊರಗೆ ಬಂದೆ. ಮತ್ತೆ ಒಳಗೆ. ಮತ್ತೆ ಹೊರಗೆ.

"ಯಾಕಕ್ಕ, ಏನಾದ್ರೂ ಮರ್ತ್ರಾ?" ಅಂದ ಭೀಮೇಶ್.

"ಇಲ್ಲ ಕಣೋ. ಸುಮ್ನೆ."

ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದೆ. ಕೆಲಸ ಶುರುವಾಗಲು ಟೈಮ್ ಇದೆ. ಇನ್ನೊಂದೇ ಒಂದು ಸಲ ಹೊರಗೆ ಹೋಗಿ ಬಂದೇಬಿಡುತ್ತೇನೆ.