ಸವರಿಮುತ್ತು ನನ್ ಮಾತು ನಂಬಿದ್ದು

ಚಾಂಪಿಯನ್ ರೀಫ್ಸ್, ಗಣಿ ಲೈನು
11-2-1982, ಬೇಸ್ತವಾರ

ಪ್ರೀತಿಯ ಮಗ ಸೀನಂಗೆ,

ನಿಮ್ಮಪ್ಪ ಕದಿರಪ್ಪ ಮಾಡೋ ಆಶೀರ್ವಾದ. ನೀನು ಎಂಗಿದೀಯ, ಸೊಸೆ ಪಾಪಕ್ಕ ಎಂಗವ್ಳೆ, ಕೂಸು ಚೆನ್ನಾಗಿ ಆಲು ಕುಡೀತೈತಾ. ಬೇತಮಂಗಲದ ಕೆರೆ ಗಾಳಿ ತಣ್ಣಗಿರ್ತದೆ, ಬಾಣಂತಿ ಮಲಗೋ ಕಡೆ ಕಿಟಕಿ ಮುಚ್ಚಿಡಿ. ನಿಮ್ಮತ್ತೆ ನರಸಮ್ಮನೋರ ಮೊಣಕಾಲು ನೋವು ಎಂಗೈತೆ ಅಂತ ಕೇಳ್ದೆ ಅನ್ನು. ಕೂಸಿಗೆ ನನ್ ಮೂಗೇ ಬಂದೈತೆ ಅಂತ ನೀನು ಬರ್ದಿದ್ದೆ. ಅದನ್ನ ಓದಿ ಏಳಿದಾಗ ನಿಮ್ಮಮ್ಮ, ಎಣ್ಮಗು ಅಲ್ವಾ, ಪಾಪ, ಅಂದ್ಳು. ಮೂಗಿನ ವಿಷ್ಯದಲ್ಲಿ ನಮ್ ವಂಶಾನೇ ಅಂಗೆ, ಅದಕ್ಕೇ ನಿಂಗೆ ಸೀನ ಅಂತ ಎಸ್ರಿಟ್ಟಿದ್ದು. ಚಿಕ್ಕೋನಿದ್ದಾಗ ಚಿನ್ನ ಅಂತ ಕರೀತಿದ್ದೆ. ಪಕ್ಕದ ಮನೆ ತೆಲುಗೋರು ಚಿಕ್ಕೋನು ಅಂತ ತಿಳ್ಕಂಡ್ರು, ಕನ್ನಡದೋರು ಬಂಗಾರ ಅಂದ್ಕಂಡ್ರು. ನಮ್ ಗಣೀಲಿ ಎರಡೂ ಸರಿಯೇ, ಇಲ್ಲಿ ಸಿಗೋ ಬಂಗಾರ ಎಲ್ಲಾ ಚಿಕ್ಕದೇ.

ಈಗ ವಿಷ್ಯಕ್ಕೆ ಬತ್ತೀನಿ. ಸೋಮವಾರ ನಿನ್ ರಜ ಮುಗೀತದೆ. ನೀನು ಡ್ಯೂಟಿಗೆ ಬರ್ಬೇಡ. ಜ್ವರ ಅಂತ ತಂತಿ ಕೊಡು, ಕಾಲು ಉಳುಕ್ತು ಅನ್ನು, ಏನಾದ್ರೂ ಅನ್ನು, ನಮ್ ಗ್ಯಾಂಗು ಮರ ಕಟ್ತಾ ಇರೋ ಆ ಕೆಳಗಿನ ಜಾಗಕ್ಕೆ ಮಾತ್ರ ಇಳೀಬೇಡ. ನೀನು ನಗ್ತಾ ಇದೀಯ, ನಂಗೆ ಇಲ್ಲಿಗೇ ಕೇಳಿಸ್ತದೆ. ನಗೋದು ನ್ಯಾಯವೇ. ನೀನು ಬಂಗಾರಪೇಟೆ ಟೇಷನ್ನಲ್ಲಿ ಮೂಟೆ ಒರ್ತಿದ್ದಾಗ, ಉಡುಗಿ ನೋಡ್ಕಂಡ್ ಬಂದೆ ಕಣ್ಲಾ, ಎಲ್ಲಾ ಲಕ್ಷಣವಾಗೈತೆ, ಮೀಸೆ ಒಸಿ ಐತೆ, ಮದುವೆ ಆದ್ಮೇಲೆ ಉದುರೋಗ್ತದಂತೆ ಅಂತ ಕಾರ್ಡು ಬರ್ದೋನು ನಾನೇ. ನೀನು ಊಟ ಬಿಟ್ಟು ಮಲಗಿದ್ದೆ ಅಂತ ಆಮೇಲೆ ಗೊತ್ತಾಯ್ತು. ಅಂಥಾ ಅಪ್ಪ ಬರ್ದ ಕಾಗ್ದ ಯಾರು ನಂಬ್ತಾರೆ. ಅದಕ್ಕೇ ಇದನ್ನ ಪಾಪಕ್ಕನ ಮುಂದೆ ಕೂತ್ಕಂಡು ಗಟ್ಟಿಯಾಗಿ ಓದು. ಅವಳಾದ್ರೂ ನಿನ್ನ ಇಡ್ಕಂಡು ನಿಲ್ಲಿಸ್ಲಿ.

ಅವಳಿಗೆ ಗಣಿ ಗೊತ್ತಿಲ್ಲ, ಬಿಡಿಸಿ ಏಳು. ತಲೆ ಮೇಲಿನ ಬಂಡೆ ಬೀಳ್ದಂಗೆ ನಾವು ಮರದ ಕಂಬ ನಿಲ್ಲಿಸ್ತೀವಿ. ಬಂಡೆ ಭಾರ ಆಕಿದಂಗೆಲ್ಲಾ ಮರ ಕಿರ್ ಕಿರ್ ಅಂತದೆ, ಅದನ್ನ ಮರ ಮಾತಾಡೋದು ಅಂತೀವಿ. ಮಾತಾಡೋ ಮರ ಒಳ್ಳೇದು, ಭಾರ ಬತ್ತೈತೆ ಒರಡ್ರಪ್ಪಾ ಅಂತ ಮುಂಚೇನೇ ಏಳ್ತದೆ. ಮಂಗಳವಾರ ಬೆಳಗ್ಗೆ ನಾವು ಇಳ್ದಾಗ ಅಲ್ಲಿ ಒಂದು ಮರಾನೂ ಮಾತಾಡ್ತಿರ್ಲಿಲ್ಲ. ಓದ ವಾರ ಪೂರ್ತಿ ಅತ್ತೆ ಸೊಸೆ ತರ ಗೊಣಗ್ತಿದ್ದ ಕಂಬಗಳು, ಎಲ್ಲಾ ಗಪ್ಪು. ನಾನು ಸಲಾಕಿ ತಗಂಡು ಬಂಡೆಗೆ ತಟ್ಟಿದೆ. ಸಡ್ಲ ಇದ್ರೆ ದಬ್ ಅನ್ಬೇಕು, ಗಟ್ಟಿ ಇದ್ರೆ ಟಣ್ ಅನ್ಬೇಕು. ಇದು ಎರಡೂ ಅಲ್ಲ, ಬೆಂಕೀಲಿ ಕಾಸಿ ಬಿಗಿ ಮಾಡಿದ ತಮಟೆ ತರ ಸಣ್ಣಗೆ, ಮ್ಯಾಲಕ್ಕೆ ಕೂಗ್ತು. ಆಮೇಲೆ ಗೋಡೆಯಿಂದ ಒಂದು ಚೂರು ಕಲ್ಲು ಚಟ್ ಅಂತ ಆರಿ ನನ್ ಕೆನ್ನೆಗೆ ಬಡೀತು. ಯಾರೂ ಮುಟ್ಟಿರ್ಲಿಲ್ಲ.

ನಾನು ಓಡ್ಬುಟ್ಟೆ ಸೀನಾ. ಸುತ್ತಿಗೆ ಬಿಟ್ಟೆ, ಬುತ್ತಿ ಬಿಟ್ಟೆ, ಅಡ್ಡ ಬಂದ ಜೊತೆಗಾರ ಸವರಿಮುತ್ತೂನ ಪಕ್ಕಕ್ಕೆ ತಳ್ದೆ, ಮೇಲಕ್ಕೆ ಕರ್ಕಂಡೋಗೋ ಬೋನಿನ ಅತ್ರ ಓಗಿ ಒಟ್ಟೆ ಇಡ್ಕಂಡು ನಿಂತೆ. ಏನಾಯ್ತಣ್ಣೋ ಅಂದ್ರು. ಭೇದಿ ಅಂದೆ. ಭೇದಿ ಅಲ್ಲ, ಭೀತಿ. ಚಡ್ಡಿ ಒದ್ದೆ ಆಗಿತ್ತು, ಬೆವರು ಅಂದೆ. ಯುಗಾದಿ ಕಳುದ್ರೆ ರಿಟೈರಾಗೋ ಮರದ ಮೇಸ್ತ್ರಿಗಳ ಗುರು, ಇಂಗೆ.

ಮೇಲೆ ಬಂದು ಗ್ಯಾಂಗ್ ಮೇಸ್ತ್ರಿ ಮುನಿಸ್ವಾಮಪ್ಪಂಗೆ ಏಳ್ದೆ, ಆ ಜಾಗ ಸರಿ ಇಲ್ಲ, ಮರ ಮಾತು ಬಿಟ್ಟೈತೆ, ಜನಾನ ಈಚೆ ಕರಿ ಅಂತ. ಅವನು ಬೀಡಿ ಅಚ್ಕಂಡು ನಗೋಕೆ ಶುರು ಮಾಡ್ದ. ಓದ ವರ್ಷ ನಾನು ಒದ್ದೆ ಅಗ್ಗ ಕಂಬಕ್ಕೆ ಸುತ್ತಿ ಕತ್ತಲಲ್ಲಿ ಕೂತು ಎಳೆದೆಳೆದು ಕಿರ್ ಅನ್ನಿಸಿದ್ದು ನಿಂಗೆ ಗೊತ್ತಲ್ಲ. ಒಸಬ್ರು ಓಡಿದ್ರು, ಅವರಿಗಿಂತ ಮುಂದೆ ಓಡ್ತಿದ್ದೋನು ಇದೇ ಮುನಿಸ್ವಾಮಪ್ಪ. ಅವನು ಮರೀತಾನಾ. ಕದಿರಣ್ಣಾ, ಓದ್ಸಾರಿ ಮರಕ್ಕೆ ಮಾತು ಕಲಿಸ್ದೆ, ಈ ಸಾರಿ ಮೂಗನ್ನ ಮಾಡ್ದೆ, ಮುಂದಿನ್ ಸಾರಿ ಮದುವೆ ಮಾಡಿಸ್ಬುಡು ಅಂದ. ಎಲ್ರೂ ನಕ್ರು. ನಾನೂ ನಗ್ಬೇಕಾಯ್ತು. ಅವತ್ತಿಂದ ಒಟ್ಟೆ ನೋವು ಅಂತ ಬರ್ಸಿ ಮನೇಲಿ ಕೂತಿದೀನಿ.

ನಂಬಿದೋನು ಸವರಿಮುತ್ತು ಒಬ್ನೇ. ನಮ್ ಬೆನ್ನಿಗಿರೋ ಲೈನಲ್ಲಿ ಅವನ ಮನೆ ಅಂತ ಪಾಪಕ್ಕಂಗೆ ಏಳು, ನಮ್ ಗ್ಯಾಂಗಿನ ತಮಿಳೋನು, ಕ್ರಿಸ್ತರೋನು, ಬುತ್ತಿ ತಿಂದಾದ್ಮೇಲೆ ತಲೆ ದೀಪದ ಬೆಳಕಲ್ಲಿ ಕರೀ ಅಟ್ಟೆಯ ವೇದಪುಸ್ತಕ ತೆಗ್ದು ತುಟಿ ಆಡಿಸ್ತಾ ಓದೋನು. ಎಸ್ರಲ್ಲೇ ಸವಾರಿ ಐತೆ ಅಂತ ನಾನು ವರ್ಷಗಟ್ಲೆ ಅವನ ಮೇಲೆ ಸವಾರಿ ಮಾಡಿದೀನಿ. ಒಂದ್ಸಾರಿ ಕೇಳಿದ್ದೆ, ಲೇ ಸವರಿ, ಅದನ್ನ ಯಾರೋ ದೂರದ ಮರಳುಗಾಡಿನೋರು ಬರ್ದವ್ರೆ, ಬರ್ದೋರು ಸತ್ತು ಮಣ್ಣಾಗವ್ರೆ, ಎಂಗ್ಲಾ ನಂಬ್ತೀಯ, ನನ್ನಂಥೋನು ಬರ್ದಿದ್ರೆ ಏನ್ಮಾಡ್ತೀಯ ಅಂತ. ನೀನು ಬರ್ದಿದ್ರೆ ಗೊತ್ತಾಗೋದು ಅಣ್ಣೇ ಅಂದ. ಎಂಗ್ಲಾ ಅಂದೆ. ಅದ್ರಲ್ಲಿ ಕೊನೇಗೆ ನೀನೇ ಗೆದ್ದಿರ್ತಿದ್ದೆ ಅಂದ.

ಆಮೇಲೆ ಏಳ್ದ. ಯೇಸುಸಾಮಿ ಶಿಷ್ಯರಲ್ಲಿ ದೊಡ್ಡೋರು ರಾಯಪ್ಪ ಅಂತೆ. ಯಾವ ರಾಯಪ್ಪ ಕಣ್ಲಾ, ಬೇತಮಂಗಲದಲ್ಲಿ ಕುರಿ ಕಾಯೋನಾ ಅಂದೆ. ಸುಮ್ನಿರು ಅಣ್ಣೇ ಅಂದು ಮುಂದಕ್ಕೆ ಏಳ್ದ. ಸಾಮೀನ ಇಡ್ಕಂಡೋದ ದಿನ ಒಬ್ಳು ಕೆಲಸದ ಉಡುಗಿ, ನೀನೂ ಅವನ ಕಡೆಯೋನಲ್ವಾ ಅಂದಿದ್ದಕ್ಕೆ, ಆ ಮನುಷ್ಯ ಯಾರೋ ನಂಗೊತ್ತಿಲ್ಲ ಅಂದುಬುಟ್ಟನಂತೆ ರಾಯಪ್ಪ. ಮಿಕ್ಕೋರು ಅಷ್ಟೊತ್ಗೆ ಪರಾರಿ. ಸತ್ತ ಸಾಮಿ ಎದ್ದು ಬಂದಾಗ ಆ ಸುದ್ದಿ ತಂದೋರು ಎಂಗಸ್ರು. ಆ ಕಾಲದಲ್ಲಿ ಎಂಗಸ್ರ ಸಾಕ್ಷಿಗೆ ಬೆಲೆ ಕಡ್ಮೆ, ಶಿಷ್ಯರೇ ನಂಬ್ಲಿಲ್ಲ. ಇದನ್ನೆಲ್ಲಾ ಬೇರೆಯೋರು ಬರ್ದಿಲ್ಲ ಅಣ್ಣೇ, ನಮ್ಮೋರೇ ಬರ್ದಿಟ್ಟವ್ರೆ. ಸುಳ್ಳು ಕಟ್ಟೋನು ತನ್ ಗುಂಪಿನ ದೊಡ್ಡೋರ್ನೇ ಪುಕ್ಕಲ ಮಾಡ್ತಾನಾ. ಓಡೋಗಿದ್ದೋರೇ ಆಮೇಲೆ ವಾಪಸ್ ಬಂದು, ಆ ಮಾತಿಗೇ ಪ್ರಾಣ ಕೊಟ್ರು ಅಂದ.

ಸುಳ್ಳು ಕಟ್ಟೋದೇ ಕಸುಬಾಗಿರೋ ನಂಗೆ ಈ ಮಾತು ಚುಚ್ಕಂತು. ಮನೆಗೆ ಬಂದು ನಾನು ಕಟ್ಟಿದ ಸುಳ್ಳುಗಳನ್ನೆಲ್ಲಾ ಒಂದೊಂದಾಗಿ ನೆನೆಸ್ಕಂಡೆ. ಎಲ್ಲಾದ್ರಲ್ಲೂ ಪೆದ್ದ ಆಗಿರೋನು ಇನ್ನೊಬ್ಬ. ಆದ್ರೂ ಬಿಡ್ಬಾರ್ದು ಅಂತ ಮಾರನೇ ದಿನ ಕೇಳ್ದೆ, ಇಷ್ಟಕ್ಕೇ ಪೂರ್ತಿ ಪುಸ್ತಕ ನಂಬಿಬಿಡ್ತೀಯಾ ಅಂತ. ನಾನು ನಂಬಿರೋದು ಸಾಮೀನ, ಸಾಮಿ ಅಳೇ ವೇದಾನ ತನ್ನಪ್ಪನ ಮಾತು ಅಂತ ನಂಬಿದ್ರು, ನಾನು ಅವರಿಗಿಂತ ಜಾಣನಾ ಅಂದ. ಪುಸ್ತಕ ಮಡಚಿ, ಇದರ ಮೇಲೆ ಭಾರ ಆಕಿ ನೋಡಿದೀನಿ ಅಣ್ಣೇ ಅಂದ. ನಮ್ ದೊಡ್ಡ ಮಗಳು ತೀರ್ಕಂಡಾಗ ಇರೋ ಭಾರಾನೆಲ್ಲಾ ಅದರ ಮೇಲೆ ಆಕ್ದೆ, ಮುರೀಲಿಲ್ಲ. ಅವತ್ತು ನಾನು ಕುಶಾಲು ಮಾಡ್ಲಿಲ್ಲ. ನಂಗೆ ನಮ್ ಮುನೇಶ್ವರ ಸಾಕು, ಆ ಮಾತು ಬೇರೆ. ಆದ್ರೆ ಅವನು ಕಣ್ಮುಚ್ಚಿ ನಂಬಿದೋನು ಅಂತ ನಾನು ಇನ್ನು ಅನ್ನಲ್ಲ.

ಮಂಗಳವಾರ ಸಾಯಂಕಾಲ ಅವನೇ ನಮ್ ಜಗಲಿಗೆ ಬಂದ. ನಾನು ಬಿಟ್ಟು ಬಂದ ಸುತ್ತಿಗೆ, ಬುತ್ತಿ ತಂದುಕೊಟ್ಟ. ನಿಜ ಏಳಣ್ಣೇ, ಬೋನಿನ ಅತ್ರ ಏನಾಯ್ತು ಅಂದ. ಭೀತಿ, ಚಡ್ಡಿ, ಎಲ್ಲಾ ಏಳ್ದೆ. ನಿಮ್ಮಮ್ಮ ಒಳಗೆ ನಗ್ತಿದ್ಳು, ಅವನು ನಗ್ಲಿಲ್ಲ. ನಂಬುರೇನ್ ಅಣ್ಣೇ, ನಂಬ್ತೀನಿ ಅಂದ. ಯಾಕ್ಲಾ ಅಂದೆ. ನಿನ್ ಯಾವ ಕತೇಲೂ ನೀನು ಇಂಗೆ ಓಡಿರ್ಲಿಲ್ಲ ಅಂದ.

ನಂಬಿದೋನು ಮನೇಲಿರ್ತಾನೆ ಅಂದ್ಕಂಡಿದ್ದೆ. ಬುಧವಾರದಿಂದ ಅವನಿಗೆ ಮೇಲಿನ ಮಟ್ಟದಲ್ಲಿ ಕೆಲ್ಸ ಬಿದ್ದಿತ್ತು, ಬ್ಯಾಡ ಅಂತ ಮೇಸ್ತ್ರೀನ ಕೇಳ್ಕಂಡು ಅದೇ ಜಾಗಕ್ಕೆ ಇಳ್ದವ್ನೆ, ನೀನು ನಿಲ್ಲೋ ಕಡೇನೇ ನಿಂತವ್ನೆ. ನಿಂಗೇನ್ಲಾ ಬಂದೈತೆ ಅಂತ ಬೈದೆ. ಒಳಗಿರೋರು ನಿನ್ ಮಾತಿಗೆ ನಗ್ತಾರೆ ಅಣ್ಣೇ, ನಾನು ಒರಡಿ ಅಂದ್ರೆ ಒರಡ್ತಾರೆ, ನಾನು ಯಾವತ್ತೂ ಅವರನ್ನ ಆಟ ಆಡಿಸಿಲ್ಲ ಅಂದ. ಮುಖದ ಮೇಲೆ ಒಡ್ದಂಗಿತ್ತು, ಒಡೆಯೋಕೆ ಅಂತ ಅವನು ಅಂದಿದ್ದಲ್ಲ. ಇವತ್ತು ಬೆಳಗ್ಗೇನೂ ಓಗವ್ನೆ.

ಇನ್ನೊಂದು. ನಮ್ ಲೈನಲ್ಲಿ ದಿನಕ್ಕೊಂದ್ಸಾರಿ ಆದ್ರೂ ಆಳದಲ್ಲಿ ಬಂಡೆ ಸಿಡ್ದು ನೆಲ ನಡುಗಿ ಅಟ್ಟದ ಮೇಲಿನ ಪಾತ್ರೆ ಗಲಗಲ ಅಂತಿದ್ವಲ್ಲ. ಮಂಗಳವಾರದಿಂದ ಒಂದು ಲೋಟಾನೂ ಅಲ್ಲಾಡಿಲ್ಲ. ಎಂಥಾ ನಿದ್ದೆ ಬತ್ತೈತೆ ಅಂತಾಳೆ ನಿಮ್ಮಮ್ಮ. ನಂಗೆ ಬತ್ತಾ ಇಲ್ಲ. ನೆಲಕ್ಕೆ ಕಿವಿ ಇಟ್ಟು ಮಲಗ್ತೀನಿ. ಉಸಿರು ಇಡ್ಕಂಡು ಯಾರೋ ಕೆಳಗೆ ಕೂತಂಗೈತೆ.

ಬೇತಮಂಗಲದ ಬಸ್ಸಿನ ಡ್ರೈವರ್ ಜಯರಾಮಪ್ಪ ಊಟ ಮುಗಿಸಿ ಬಂದು ಕಾಗ್ದ ಇಸ್ಕಂಡೋಗ್ತೀನಿ ಅಂದವ್ನೆ, ಸಾಕು ಮಾಡ್ತೀನಿ. ಕೂಸಿಗೆ ನೂರು ವರ್ಷ ಆಯಸ್ಸು ಬರ್ಲಿ, ನನ್ ಮೂಗು ಇದ್ರೂ ಪರವಾಗಿಲ್ಲ, ನನ್ ನಾಲ್ಗೆ ಬರ್ದೆ ಇರ್ಲಿ. ಪಾಪಕ್ಕಂಗೂ ನಿಮ್ಮತ್ತೆಗೂ ನಾನು, ನಿಮ್ಮಮ್ಮ ಕೇಳಿದ್ವಿ ಅನ್ನು. ಸೋಮವಾರದ ಮಾತು ಮರೀಬೇಡ.

ಇಂತಿ ನಿಮ್ಮಪ್ಪ,
ಕದಿರಪ್ಪ

ವಿ. ಸೂ.: ಮಡಚೋ ಒತ್ಗೆ ನೆಲ ಅದುರ್ತು. ದೊಡ್ಡದು. ಗಣಿ ಕೊಂಬು ನಿಲ್ದಂಗೆ ಕೂಗ್ತೈತೆ. ಮುನಿಸ್ವಾಮಪ್ಪ ಓಡ್ಬಂದ. ನಮ್ ಗ್ಯಾಂಗು ಮೇಲೆ ಬಂದೈತೆ. ಸವರಿ ಒರಡಿ ಅಂದಿದ್ದಕ್ಕೆ ಒಬ್ರೂ ಯಾಕೆ ಅಂತ ಕೇಳ್ದೆ ಎದ್ದು ನಡುದ್ರಂತೆ. ಎಲ್ಲಾರ್ನೂ ಮುಂದೆ ಬಿಟ್ಟು ಅವನು ಇಂದೆ ಇದ್ದ. ಅವನು ಬಂದಿಲ್ಲ. ಕಲ್ಲು ತೆಗ್ಯೋಕೆ ಮುಂಚೆ ಮರ ಕಟ್ಬೇಕು, ಮರದೋರು ಬೇಕು ಅಂತ ಮೇಸ್ತ್ರಿ ಬಾಗ್ಲಲ್ಲೇ ನಿಂತವ್ನೆ. ನಾನು ಓಗ್ತಾ ಇವ್ನಿ. ಸವರಿ ತಂದುಕೊಟ್ಟ ಸುತ್ತಿಗೆ ತಗಂಡಿವ್ನಿ. ಬರ್ಬೇಡ ಅಂತ ಬರ್ದಿದ್ನಲ್ಲ, ಈ ಬಸ್ಸು ವಾಪಸ್ ಬರುವಾಗ್ಲೇ ಬಾ, ಗಣಿಗಲ್ಲ, ಮನೆಗೆ. ಸವರಿ ಎಂಡ್ತಿ ಲೂರ್ದಮ್ಮ ಬಂದು ನಮ್ ಜಗಲಿ ಮೇಲೆ ಕೂತವ್ಳೆ. ನಿಮ್ಮಮ್ಮ ಪಕ್ಕದಲ್ಲವ್ಳೆ. ನಾವಿಬ್ರೂ ಮೇಲಕ್ಕೆ ಬರೋವರ್ಗೂ ಅವರ ಜೊತೆ ಕೂತಿರು.