ಮೂರನೆಯವರು ಫ್ರೀ

ನವೆಂಬರ್ ೧೧, ೨೦೦೭. ಭಾನುವಾರ

ಹತ್ತನೇ ಕ್ಲಾಸಿನ ಇಂಗ್ಲಿಷ್ ಪೇಪರ್ ಇನ್ನೊಂದು ಕಟ್ಟು ಉಳಿದಿದೆ. ತಿದ್ದುವ ಮನಸ್ಸಿಲ್ಲ. ‘ಮೈ ವಿಲೇಜ್’ ಎಂದು ಪ್ರಬಂಧ ಕೊಟ್ಟಿದ್ದೆ. ಎಲ್ಲರ ಊರಿನಲ್ಲೂ ನದಿ ಹರಿಯುತ್ತಿದೆ. ಗೈಡ್ ಬರೆದವನ ಊರಿನಲ್ಲಿ ನದಿ ಇತ್ತೆಂದು ಕಾಣುತ್ತದೆ.

ದೀಪಾವಳಿಯ ದೊಡ್ಡ ಪಾತ್ರೆಗಳು ಇನ್ನೂ ಅಟ್ಟ ಏರಿಲ್ಲ. ಸುಮ ತೊಳೆದಿಟ್ಟಿದ್ದಾಳೆ.

ಊಟಕ್ಕೆ ಕೂತಾಗ ಇವರು ಹಡಗಿನ ವಿಷಯ ತೆಗೆದರು. ಹೋದ ವರ್ಷ ಗೊಬ್ಬರದ ಕಂಪನಿಯವರು ಡೀಲರುಗಳನ್ನೆಲ್ಲ ಬ್ಯಾಂಕಾಕಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಬಂದಾಗಿನಿಂದ ಇವರಿಗೆ ಕೊಟ್ಟೂರು ಸಾಲದಾಗಿದೆ. ಈಗ ಹರಪನಹಳ್ಳಿಯ ಒಬ್ಬ ಡೀಲರ್ ಸಿಂಗಾಪುರದಿಂದ ಹಡಗು ಹತ್ತಿ, ಸಮುದ್ರದಲ್ಲಿ ನಾಲ್ಕೈದು ದಿನ ಇದ್ದು ಬಂದನಂತೆ. ಹಡಗಿನಲ್ಲೇ ಹೋಟೆಲು, ಹಡಗಿನಲ್ಲೇ ಈಜುವ ಕೊಳ. ಸುತ್ತ ಅಷ್ಟು ನೀರಿದ್ದೂ ಕೊಳ ಯಾಕೋ. ಬೇಸಿಗೆ ರಜೆಗೆ ಮೂವರೂ ಹೋಗಿ ಬರೋಣ ಅಂದರು.

ಮೂವರು ಅಂದರೆ ಇವರು, ನಾನು, ಸುಮ. ನಾನು ಮೊದಲನೆಯ ಹೆಂಡತಿ. ಸುಮ ಎರಡನೆಯವಳು — ನನ್ನ ಒಡಹುಟ್ಟಿದ ತಂಗಿ. ನನಗೆ ಮಕ್ಕಳಾಗಲಿಲ್ಲ. ಹೊರಗಿನವಳು ಬರುವುದಕ್ಕಿಂತ ಮನೆಯ ಹುಡುಗಿಯೇ ವಾಸಿ ಎಂದು ಕೋಗಳಿಯಲ್ಲಿ ನಮ್ಮಪ್ಪ, ಇಲ್ಲಿ ನಮ್ಮತ್ತೆ ಮಾತಾಡಿ ಮುಗಿಸಿದರು. ಇಪ್ಪತ್ತು ವರ್ಷದ ಮೇಲಾಯಿತು. ಅವಳ ಮಕ್ಕಳಿಬ್ಬರೂ ಈಗ ಹಾಸ್ಟೆಲಿನಲ್ಲಿದ್ದಾರೆ. ಮಹಡಿ ಇವರಿಬ್ಬರದು, ಪಡಸಾಲೆ ಪಕ್ಕದ ಕೋಣೆ ನನ್ನದು.

ಇದನ್ನೆಲ್ಲ ಯಾಕೆ ಬರೆದೆನೋ. ನನಗೆ ಗೊತ್ತಿರುವುದೇ.

ನವೆಂಬರ್ ೧೮. ಭಾನುವಾರ

ಬಸ್‌ಸ್ಟ್ಯಾಂಡಿನ ಹಿಂದೆ ಕೊಟ್ರಬಸಪ್ಪನ ಸೈಬರ್ ಸೆಂಟರ್. ನನ್ನ ಹಳೆಯ ವಿದ್ಯಾರ್ಥಿ, ಈಗ ತಲೆ ನೆರೆಯುತ್ತಿದೆ. ಕುರ್ಚಿ ಒರೆಸಿ ಕೊಟ್ಟ. ಹಡಗಿನ ಫೋಟೋ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆ ಮೂಡುತ್ತ ಬಂತು. ಪೂರ್ತಿ ಮೂಡುವಷ್ಟರಲ್ಲಿ ಅವನ ಟೀ ಮುಗಿದಿತ್ತು.

ದಾವಣಗೆರೆಯ ಟ್ರಾವೆಲ್ ಏಜೆಂಟ್ ಹೇಳಿದ ರೇಟಿಗೂ ಈ ಅಮೆರಿಕದ ವೆಬ್‌ಸೈಟಿನ ರೇಟಿಗೂ ಅಜಗಜಾಂತರ. ಅದೇ ಹಡಗು, ಅದೇ ತಾರೀಖು, ಅದೇ ರೂಮು. ಅದರ ಮೇಲೆ ಕೆಂಪು ಅಕ್ಷರದಲ್ಲಿ — ಒಂದು ರೂಮಿಗೆ ಇಬ್ಬರು ದುಡ್ಡು ಕಟ್ಟಿದರೆ ಮೂರನೆಯವರು ಫ್ರೀ.

ಮನೆಗೆ ಬಂದು ಹೇಳಿದೆ. ಇವರು ಊಟ ಅರ್ಧಕ್ಕೆ ನಿಲ್ಲಿಸಿ ಮತ್ತೊಮ್ಮೆ ಹೇಳಿಸಿಕೊಂಡರು. ಇವರ ವ್ಯಾಪಾರದಲ್ಲಿ ಇದಕ್ಕೆ ಸ್ಕೀಮ್ ಎನ್ನುತ್ತಾರೆ. ಇಷ್ಟು ಚೀಲ ಗೊಬ್ಬರಕ್ಕೆ ಒಂದು ಬಕೆಟ್, ಇಷ್ಟು ಡಬ್ಬ ಔಷಧಿಗೆ ಒಂದು ಟಾರ್ಚ್. ಕಂಪನಿ ಹೊಸ ಸ್ಕೀಮ್ ಬಿಟ್ಟ ದಿನ ಇವರಿಗೆ ನಿದ್ದೆ ಬರುವುದಿಲ್ಲ.

ರೂಮಿನ ಫೋಟೋ ನೋಡಿದ್ದೇನೆ, ಕಿಷ್ಕಿಂಧೆ, ಅಂದೆ. ಎರಡು ಮಂಚ ಜೋಡಿಸಿಟ್ಟಿದ್ದಾರೆ. ಮೂರನೆಯ ಹಾಸಿಗೆ ಗೋಡೆಯೊಳಗೆ ಮಡಚಿಕೊಂಡಿರುತ್ತದೆ. ಸಂಜೆ ಕೆಳಗಿಳಿಸುತ್ತಾರೆ, ಏಣಿ ಹತ್ತಿ ಮಲಗಬೇಕು.

“ರೈಲಿನ್ಯಾಗ ಮಲಗಂಗಿಲ್ಲೇನು? ನಿನಗ ಒಬ್ಬಾಕಿನ ಮಲಗಿ ರೂಢಿ ಐತಿ. ಮ್ಯಾಲಿಂದು ನೀ ತಗೋ.”

ಸುಮ ಮಜ್ಜಿಗೆ ಹಾಕುತ್ತಿದ್ದಳು. ಹಾಕಿ ಒಳಗೆ ಹೋದಳು.

ಡಿಸೆಂಬರ್ ೨೨. ಶನಿವಾರ

ಪಾಸ್‌ಪೋರ್ಟಿಗೆ ವಿಚಾರಿಸಲು ಪೊಲೀಸ್ ಹುಲುಗಪ್ಪ ಬಂದಿದ್ದ. ಮಂಡಕ್ಕಿ, ಮಿರ್ಚಿ, ಟೀ. ಎಲ್ಲ ತಿಂದ ಮೇಲೆ ಬಾಯಿ ಬಿಟ್ಟ. ಅಕ್ಕಾರ ಅರ್ಜಿಯಲ್ಲೂ ಗಂಡನ ಹೆಸರು ಗುರುಸಂಗಪ್ಪ, ಚಿಕ್ಕಕ್ಕಾರ ಅರ್ಜಿಯಲ್ಲೂ ಗುರುಸಂಗಪ್ಪ. ತಾನೇನೋ ಸಹಿ ಹಾಕಿ ಕಳಿಸುತ್ತಾನೆ, ಊರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಬೆಂಗಳೂರಿನಲ್ಲಿ ಕೂತವರು ಒಪ್ಪುವುದಿಲ್ಲ. ಕಾನೂನಿನಲ್ಲಿ ಹೆಂಡತಿ ಒಬ್ಬರೇ.

ಇವರು ಕಿವಿ ಕೆರೆದುಕೊಂಡರು. ನನ್ನದು ಸ್ಕೂಲಿನ ದಾಖಲೆಯಲ್ಲೆಲ್ಲ ಇವರ ಹೆಸರೇ ಇದೆ, ಬದಲಿಸಲು ಬರುವುದಿಲ್ಲ. ಸುಮಳ ಅರ್ಜಿಯನ್ನು ಬೇರೆ ಬರೆದದ್ದಾಯಿತು. ಬರೆದವಳು ನಾನೇ. ತಂದೆ ಪಂಚಾಕ್ಷರಪ್ಪ, ಕೋಗಳಿ. ಗಂಡನ ಜಾಗದಲ್ಲಿ ಒಂದು ಗೀಟು. ಅವಳು ಸಹಿ ಹಾಕಿದಳು.

ಆಮೇಲೆ ಕಪ್ಪು ತೊಳೆಯುತ್ತ ಕೇಳಿದಳು, ಹಾಗಾದರೆ ಆ ಬುಕ್ಕಿನಲ್ಲಿ ತನಗೆ ಮದುವೆಯೇ ಆಗಿಲ್ಲವೇ ಎಂದು. ಅದು ಬರೀ ಕಾಗದ, ಅಂದೆ. ಹೌದು ಅಂದಳು.

ಕಾಗದದಲ್ಲಿ ನಾನು ಹೆಂಡತಿ, ಮನೆಯಲ್ಲಿ ಅವಳು. ಇಬ್ಬರಿಗೂ ಅರ್ಧರ್ಧ ಸಿಕ್ಕಿದೆ.

ಫೆಬ್ರವರಿ ೨೪, ೨೦೦೮. ಭಾನುವಾರ

ಮೂರೂ ಪಾಸ್‌ಪೋರ್ಟ್ ಬಂದವು. ಇವರು ದೇವರ ಮುಂದಿಟ್ಟು ವಿಭೂತಿ ಹಚ್ಚಿದರು. ಒಂದಕ್ಕೆ ಜಾಸ್ತಿಯಾಗಿ ಒಳಗಿನ ಹಾಳೆಗೂ ಬಿದ್ದಿದೆ. ನನ್ನದೇ.

ಮಾರ್ಚ್ ೯. ಭಾನುವಾರ

ಎರಡು ವಾರದಿಂದ ಆ ಗೋಡೆಯ ಹಾಸಿಗೆಯದೇ ಯೋಚನೆ. ಕೆಳಗೆ ಅವರಿಬ್ಬರು. ಮೇಲೆ ನಾನು, ಗೋಡೆಗೆ ಮುಖ ಮಾಡಿಕೊಂಡು. ಮನೆಯಲ್ಲಾದರೆ ನಡುವೆ ಒಂದು ಮಹಡಿ ಇದೆ.

ಇವತ್ತು ಹೇಳಿಬಿಟ್ಟೆ. ನಾನು ಬರುವುದಿಲ್ಲ, ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಬಳ್ಳಾರಿಗೆ ಹಾಕುತ್ತಾರೆ, ನೀವಿಬ್ಬರು ಹೋಗಿ ಬನ್ನಿ. ಅದು ಮೇ ಹೊತ್ತಿಗೆ ಮುಗಿದಿರುತ್ತದೆ ಎಂದು ಇವರಿಗೂ ಗೊತ್ತು.

ನಕ್ಕರು. ನನ್ನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದರು.

“ಹುಚ್ಚಿ, ನಿಂದೇನು ಲೆಕ್ಕಕ್ಕ ಬರಂಗಿಲ್ಲಲ್ಲ. ನೀ ಬಂದ್ರೂ ಅಷ್ಟ, ಬಿಟ್ರೂ ಅಷ್ಟ. ಸುಮ್ನ ಬಾ.”

ದುಡ್ಡಿನ ಮಾತು. ಪ್ರೀತಿಯಿಂದಲೇ ಅಂದದ್ದು. ಗೊತ್ತು. ಹಪ್ಪಳ ಮುರಿದು ತಿಂದೆ.

ನೋವಾಯಿತು. ಇಲ್ಲಾದರೂ ಬರೆದುಕೊಳ್ಳುತ್ತೇನೆ. ಬಹಳ ನೋವಾಯಿತು.

ಮಾರ್ಚ್ ೧೧. ಮಂಗಳವಾರ

ಶಾಲೆಯಿಂದ ಬರುತ್ತ ಅಂಗಡಿಗೆ ಹೋಗಿದ್ದೆ, ಬೀಗದ ಕೈ ತರಲು. ಮೂಲೆಯಲ್ಲಿ ಸ್ಕೀಮಿನ ಬಕೆಟ್ಟುಗಳು ಒಂದರೊಳಗೊಂದು. ಹೊಸಹಳ್ಳಿ ಕಡೆಯ ಒಬ್ಬ ಯೂರಿಯಾ ಒಯ್ಯುತ್ತಿದ್ದ. ಇವರು ಮಾತಾಡುತ್ತಲೇ ಕೈಗೆ ಸಿಕ್ಕ ಬಕೆಟ್ ಎಳೆದು ಕೊಟ್ಟರು. ಯಾವ ಬಣ್ಣ ಎಂದೂ ನೋಡಲಿಲ್ಲ.

ಸ್ಪೆಷಲ್ ಕ್ಲಾಸು. ಪ್ಯಾಸಿವ್ ವಾಯ್ಸ್. ಯಾರಿಗೂ ತಲೆಗೆ ಹತ್ತಲಿಲ್ಲ, ನನಗೂ ಹೇಳುವ ಹುಕಿ ಇರಲಿಲ್ಲ.

ಮಾರ್ಚ್ ೧೫. ಶನಿವಾರ. ಸಂಜೆ

ಇವತ್ತು ಅಕ್ಷರ ಸೊಟ್ಟಗೆ.

ಅರ್ಧ ದಿನದ ಶಾಲೆ. ಬೆಳಿಗ್ಗೆಯೇ ಇವರು ಹೇಳಿ ಕಳಿಸಿದ್ದರು, ಇವತ್ತು ಬುಕ್ಕಿಂಗ್ ಮುಗಿಸಿ ಬಾ. ಮೊದಲು ಇವರ ಹೆಸರು, ಆಮೇಲೆ ಸುಮ, ಆಮೇಲೆ ನಾನು. ಕಾರ್ಡ್ ನನ್ನದು. ಇವರದೆಲ್ಲ ರೊಕ್ಕದ ವ್ಯವಹಾರ, ಕಾರ್ಡ್ ಇಲ್ಲ. ಒಮ್ಮೆ ಬ್ಯಾಂಕಿನವನೊಬ್ಬ ಸ್ಟಾಫ್‌ರೂಮಿಗೆ ಬಂದು ಟೀಚರುಗಳಿಗೆಲ್ಲ ಕ್ರೆಡಿಟ್ ಕಾರ್ಡ್ ಮಾಡಿಸಿ ಹೋಗಿದ್ದ. ಬೀರುವಿನಲ್ಲಿ ಸೀರೆಯ ಕೆಳಗೆ ಇತ್ತು. ಒಮ್ಮೆಯೂ ಬಳಸಿರಲಿಲ್ಲ.

ಎಷ್ಟು ಜನ ಎಂದು ವೆಬ್‌ಸೈಟ್ ಕೇಳಿತು. ಮೂರು ಒತ್ತಬೇಕಿತ್ತು. ಒಂದು ಒತ್ತಿದೆ.

ಕೊಟ್ರಬಸಪ್ಪ ಪಕ್ಕದಲ್ಲೇ ನಿಂತಿದ್ದ. ಕೆಳಗೆ ಸಣ್ಣ ಅಕ್ಷರದಲ್ಲಿ ಬಂದದ್ದನ್ನು ಅವನೂ ಓದಿದ. ಒಬ್ಬರೇ ಬರುವವರು ರೂಮಿಗೆ ಇಬ್ಬರ ದುಡ್ಡು ಕಟ್ಟಬೇಕು.

“ಮೇಡಂ, ಇದು ಲುಕ್ಸಾನಲ್ರಿ? ಮೂರು ಮಂದಿದು ಮಾಡಿದ್ರೂ ಇಷ್ಟ ಆಗ್ತೈತಿ.”

ಗೊತ್ತಿದೆ, ಅಂದೆ. ಒಬ್ಬಳಿಗೆ ಇಬ್ಬರ ದುಡ್ಡು. ಉಳಿಸಲೆಂದೇ ಅಮೆರಿಕದ ತನಕ ಹೋದವಳು ಉಳಿಸಿದ್ದನ್ನೆಲ್ಲ ಅಲ್ಲೇ ಸುರಿದೆ. ನನ್ನ ಸಂಬಳದ್ದು, ನಾನು ಕಟ್ಟುತ್ತೇನೆ. ಒತ್ತಿದೆ. ಪ್ರಿಂಟ್ ಬಂತು. ಹೆಸರು ಒಂದೇ. ಗಂಗಾಂಬಿಕಾ. ಎರಡನೆಯ ಹೆಸರಿನ ಜಾಗ ಖಾಲಿ. ಬೇಕಾದರೆ ಆಮೇಲೆ ಸೇರಿಸಬಹುದಂತೆ, ಹೆಚ್ಚಿಗೆ ಕೊಡಬೇಕಿಲ್ಲ.

ಇವರಿಗೆ ಕರೆಂಟ್ ಹೋಯಿತೆಂದು ಹೇಳಿದೆ. ಸುಳ್ಳಲ್ಲ. ಆಮೇಲೆ ಹೋಯಿತು.

ಹೆದರಿಕೆ ಇದೆ. ಅದಕ್ಕಿಂತ ಹೆಚ್ಚಾಗಿ ಸಂತೋಷ ಇದೆ.

ಮಾರ್ಚ್ ೧೬. ಭಾನುವಾರ

ಸುಮಳಿಗೆ ಹೇಳದೆ ಇರಲಾಗಲಿಲ್ಲ. ಇವರು ವ್ಯಾಪಾರಕ್ಕೆಂದು ಹಡಗಲಿ ಊರಿಗೆ ಹೋಗಿದ್ದರು. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನೊಬ್ಬಳೇ ಹೋಗುತ್ತಿದ್ದೇನೆ, ಅಂದೆ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡಿದ್ದೆ. ರೂಮು ಹೇಗಿದೆ ಎಂದು ಕೇಳಿದಳು. ಹೇಳಿದೆ. ದುಂಡನೆಯ ಕಿಟಕಿ. ಎರಡು ಮಂಚ, ಬೇಕಾದರೆ ಬೇರೆ ಬೇರೆ ಸರಿಸಿಕೊಳ್ಳಬಹುದು.

“ಒಂದು ನಿಂದು. ಇನ್ನೊಂದರಾಗ ಯಾರು?”

ಯಾರೂ ಇಲ್ಲ. ಖಾಲಿ. ಅದಕ್ಕೂ ದುಡ್ಡು ಕಟ್ಟಿದ್ದೇನೆ.

ಬಡಿಯುವುದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ಅವಳು ತಿರುವಲಿಲ್ಲ. ನಾನೇ ತೆಗೆದೆ, ಬೆರಳು ಸುಟ್ಟಿತು.

“ಅಕ್ಕ, ನಾ ಬರ್ಲೇನು? ಅವರ ಕೂಡ ಅಲ್ಲ. ನಿನ್ನ ಕೂಡ.”

 ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಎಂದೂ ಹಾಗೆ ಒರೆಸುವವಳಲ್ಲ.

“ನನ್ನ ಲಗ್ನ ಆದಾಗಿಂದ ನೀ ನನ್ನ ಕೂಡ ಬರೇ ಉಪ್ಪು, ಎಣ್ಣಿ, ಹುಡುಗ್ರ ಫೀಜು, ಇಷ್ಟ ಮಾತಾಡೀದಿ. ಒಂದಿನ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ಆಗ ನನ್ನ ಯಾರೂ ಕೇಳ್ಲಿಲ್ಲಕ್ಕ. ನಿನ್ನೂ ಕೇಳ್ಲಿಲ್ಲ, ನನ್ನೂ ಕೇಳ್ಲಿಲ್ಲ. ನಾ ನಿನ್ನ ತಂಗಿ ಅಂಬೋದು ಈ ಮನ್ಯಾಗ ಯಾರಿಗೂ ನೆನಪಿಲ್ಲ. ನಿನಗರ ಐತೇನು?”

ಎದ್ದು ಬಂದೆ. ಅವಳು ಹೇಳಿದ್ದೆಲ್ಲ ನಿಜ. ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡು, ಅವಳಿಗೆ ಏನನ್ನಿಸುತ್ತದೆ ಎಂದು ಒಮ್ಮೆಯೂ ಕೇಳಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ. ಸಾಕಷ್ಟು ಅತ್ತೆ.

ಮಾರ್ಚ್ ೧೮. ಮಂಗಳವಾರ

ಶಾಲೆ ಬಿಟ್ಟ ಮೇಲೆ ಸುಮಳನ್ನೂ ಸೈಬರಿಗೆ ಕರೆದುಕೊಂಡು ಹೋದೆ. ತನ್ನ ಪಾಸ್‌ಪೋರ್ಟನ್ನು ಸೆರಗಿನೊಳಗೆ ಹಿಡಿದುಕೊಂಡೇ ಬಂದಳು. ಕೊಟ್ರಬಸಪ್ಪ ಅವಳಿಗೂ ಕುರ್ಚಿ ಒರೆಸಿದ.

ಎರಡನೆಯವರ ಹೆಸರು. ಹುಟ್ಟಿದ ತಾರೀಖು. ಆಮೇಲೆ, ಮೊದಲನೆಯವರಿಗೆ ಎರಡನೆಯವರು ಏನಾಗಬೇಕು ಎಂದು ಕೇಳಿತು. ಒತ್ತಿದರೆ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಹೆಂಡತಿ, ಗಂಡ, ತಾಯಿ, ಮಗಳು, ಗೆಳತಿ. ಸವತಿ ಎಂಬುದು ಅದರಲ್ಲಿ ಇಲ್ಲ. ಸುಮಳಿಗೆ ಇಂಗ್ಲಿಷ್ ಓದಲು ಅಷ್ಟಾಗಿ ಬರುವುದಿಲ್ಲ. ಏನು ಹಾಕುತ್ತೀ ಎಂದು ನನ್ನ ಕಡೆ ನೋಡಿದಳು.

ತಂಗಿ, ಅಂದೆ. ಒತ್ತಿದೆ.

ಬರುವ ದಾರಿಯಲ್ಲಿ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ಒಂದೊಂದು ಗ್ಲಾಸು ಕುಡಿದೆವು. ಅವಳು ಐಸ್ ಬೇಡ ಅಂದಳು. ಅವಳಿಗೆ ಐಸ್ ಆಗುವುದಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಇವರು ಈಗಷ್ಟೇ ಬಂದರು. ಬಚ್ಚಲಲ್ಲಿ ಕಾಲು ತೊಳೆಯುತ್ತ ಕೂಗಿ ಕೇಳಿದರು, ಬುಕ್ಕಿಂಗ್ ಆಯಿತೇ ಎಂದು. ಆಯಿತು ಅಂದೆ. ಮೂವರದೂ ಬಂತೇ, ಅಂದರು. ಊಟಕ್ಕೆ ಕೂತು ಹೇಳುತ್ತೇನೆ ಅಂದೆ. ತಟ್ಟೆ ಹಾಕುವ ಸದ್ದು ಕೇಳುತ್ತಿದೆ.

ಸುಮ ಬಾಗಿಲಿಗೆ ಬಂದು ನಿಂತಿದ್ದಾಳೆ. ತಾನೇ ಹೇಳುತ್ತಾಳಂತೆ, ನಾನು ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕಂತೆ. ಬೇಡ, ಇಬ್ಬರೂ ಕೂಡಿಯೇ ಹೇಳೋಣ ಅಂದೆ.