ಸಾಲದ್ದಕ್ಕೆ ಸಾಲು

ಜೂನ್ ೧೮, ಬುಧವಾರ

ಪ್ರಿನ್ಸಿಪಾಲರ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಖುಷಿಯಾಗುತ್ತಿದೆ.

ಕಾಲೇಜಿನಲ್ಲಿ ಟಿ.ಸಿ. ಕೊಡುವ ಕಿಟಕಿಯ ಸಾಲು ಗೇಟು ದಾಟಿ ಚಾಮರಾಜಪೇಟೆಯ ಐದನೇ ಮೇನ್‌ವರೆಗೆ ಬೆಳೆದಿದೆ. ತಪ್ಪೆಲ್ಲ ಕಿಟಕಿಯಲ್ಲಿ ಕೂರುವ ಮುನಿರತ್ನಮ್ಮನವರದ್ದಂತೆ. ಪ್ರಿನ್ಸಿಪಾಲರು ಹಾಗೆಂದು ಬರೆದ ವರದಿಗೆ ಸಂಖ್ಯಾಶಾಸ್ತ್ರದ ಮೇಷ್ಟ್ರಾದ ನಾನು ಸಹಿ ಹಾಕಬೇಕು. ಹಾಕಿದರೆ ಆಕೆಯ ಕೆಲಸ ಹೋಗುತ್ತದೆ.

"ಗಂಟೆಗೆ ಇಪ್ಪತ್ತು ಜನ ಬರ್ತಾರೆ, ಇಪ್ಪತ್ತು ಜನರ ಕೆಲಸ ಆಗುತ್ತೆ ಅಂತ ನೀವೇ ಅಳೆದಿದ್ದೀರಿ. ಒಂದು ಕಿಟಕಿ ಸಾಲುತ್ತಲ್ಲ, ಶಶಿಕಿರಣ್?"

"ಸಾಲುತ್ತೆ ಅಂದ್ರೆ ಸಾಲು ಆಗುತ್ತೆ ಅಂತಾನಾ ಸರ್?"

ನಗಲಿಲ್ಲ. ಹಾಗಾಗಿ ಪಾಠ ಮಾಡಿದೆ. ಇಪ್ಪತ್ತೆನ್ನುವುದು ಸರಾಸರಿ. ಜನ ಗಡಿಯಾರ ನೋಡಿಕೊಂಡು ಮೂರು ನಿಮಿಷಕ್ಕೊಬ್ಬರಂತೆ ಬರುವುದಿಲ್ಲ. ಯಾರೂ ಇಲ್ಲದಾಗ ಆಕೆ ಖಾಲಿ ಕೂತ ಹತ್ತು ನಿಮಿಷವನ್ನು ಉಪ್ಪಿನಕಾಯಿ ಹಾಕಿಟ್ಟು ನೂಕುನುಗ್ಗಲಿನ ಹೊತ್ತಿಗೆ ಬಡಿಸಲಾಗದು. ಬರುವ ವೇಗವೂ ಕಳಿಸುವ ವೇಗವೂ ಸಮವಾಗಿದ್ದರೆ ಸಾಲಿನ ಸರಾಸರಿ ಉದ್ದ ಎಲ್ಲೂ ನೆಲೆ ನಿಲ್ಲದೆ ಬೆಳೆಯುತ್ತಲೇ ಹೋಗುತ್ತದೆ. ತಪ್ಪು ಆಕೆಯ ಕೈಯದ್ದಲ್ಲ, ಕಿಟಕಿಯ ಸಂಖ್ಯೆಯದ್ದು.

"ಸಾಕ್ರೀ ಪಾಠ, ಸಹಿ ಹಾಕಿ."

ಹಾಕಿದೆ. ಮೊದಲು ಅವರ ತೀರ್ಮಾನದ ಮೇಲೆ ಗೀಟು ಎಳೆದು, ಕೆಳಗೆ "ಒಂದು ಕಿಟಕಿ ಸಾಲದು, ಅದಕ್ಕೇ ಸಾಲು" ಎಂದು ಬರೆದು, ಆಮೇಲೆ ಹಾಕಿದೆ.

ಈಗ ಮೆಮೊ ನನಗಂತೆ. "ನಿಮಗ್ಯಾಕೆ ಬೇಕಿತ್ತು ಸಾರ್ ಈ ಉಸಾಬರಿ?" ಎಂದು ಮುನಿರತ್ನಮ್ಮ ಸಂಜೆ ನನ್ನನ್ನೇ ಗದರಿದರು. ಬರಲಿ ಮೆಮೊ. ಉತ್ತರವಾಗಿ ಈ ಲೆಕ್ಕದ ಪೂರ್ತಿ ಸಾಧನೆಯನ್ನೇ ಹನ್ನೆರಡು ಪುಟ ಬರೆದುಕೊಡುತ್ತೇನೆ, ಓದುವುದು ಪ್ರಿನ್ಸಿಪಾಲರ ಕರ್ಮ. ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ, ಹಿಂದಕ್ಕಂತೂ ಒಂದನ್ನೂ ಇಡುವುದಿಲ್ಲ.